ಟೇಪಿನ ಆ ತುದಿ

ಬೇರೆ ಯಾರಾದರೂ ಈ ಸಂಗತಿಯನ್ನು ನನಗೆ ಹೇಳಿದ್ದರೆ ನಾನು ಸುಮ್ಮನೆ ಕೇಳಿಸಿಕೊಂಡು, ಮನೆಗೆ ಬಂದ ಮೇಲೆ ಮರೆತುಬಿಡುತ್ತಿದ್ದೆ. ವಾದ ಮಾಡುತ್ತಿರಲಿಲ್ಲ. ವಾದ ಮಾಡುವಷ್ಟು ಬೆಲೆ ಅದಕ್ಕಿದೆ ಎಂದೂ ನನಗೆ ಅನ್ನಿಸುತ್ತಿರಲಿಲ್ಲ. ನಾನು ಓದಿದ್ದು ಪುರಾತತ್ತ್ವ. ನನ್ನ ಕೆಲಸ, ನೆಲದಲ್ಲಿರುವುದನ್ನು ಅಳೆದು ಕಾಗದದ ಮೇಲೆ ಇಳಿಸುವುದು. ಅಳತೆಗೆ ಸಿಗದ್ದನ್ನು ಸುಳ್ಳು ಎನ್ನುತ್ತಿರಲಿಲ್ಲ, ಆದರೆ ಲೆಕ್ಕಕ್ಕೂ ತೆಗೆದುಕೊಳ್ಳುತ್ತಿರಲಿಲ್ಲ. ನನಗೆ ಆದ ಅನುಭವದ ತೊಂದರೆ ಏನೆಂದರೆ, ಅದು ಅಳತೆಯ ರೂಪದಲ್ಲೇ ಬಂತು.

ಕೆಲವು ವರ್ಷಗಳ ಹಿಂದಿನ ಮಾತು. ಬೀಳಗಿಯಿಂದ ಜಮಖಂಡಿಯ ಕಡೆಗೆ ಬರುವ ಒಂದು ಹಳ್ಳಿ ರಸ್ತೆಯಲ್ಲಿ, ಹಳ್ಳಕ್ಕೆ ಅಡ್ಡಲಾಗಿ ಐದು ಕಮಾನುಗಳ ಹಳೆಯ ಕಲ್ಲಿನ ಸೇತುವೆ ಇತ್ತು. ಕಬ್ಬಿನ ಟ್ರ್ಯಾಕ್ಟರುಗಳ ಭಾರಕ್ಕೆ ಎರಡು ಕಮಾನುಗಳು ಬಿರುಕು ಬಿಟ್ಟಿದ್ದವು. ಅದನ್ನು ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾಗಿತ್ತು. ಕೆಡವುವ ಮೊದಲು ಸೇತುವೆಯನ್ನೂ ಸುತ್ತಲಿನ ನೆಲವನ್ನೂ ಅಳೆದು, ಹಳೆಯದೇನಾದರೂ ಇದ್ದರೆ ವರದಿ ಕೊಡಬೇಕು. ಅದಕ್ಕೆ ಗುತ್ತಿಗೆಯ ಮೇಲೆ ನನ್ನನ್ನು ತೆಗೆದುಕೊಂಡಿದ್ದರು. ಆರು ದಿನದ ಕೆಲಸ, ನಾಲ್ಕು ಪರೀಕ್ಷಾ ಗುಂಡಿ, ಸಹಾಯಕ್ಕೆ ಒಬ್ಬ ಆಳು. ಬನಹಟ್ಟಿಯ ನಮ್ಮ ಮನೆಯಿಂದ ಸ್ಕೂಟಿಯ ಮೇಲೆ ದಿನವೂ ಹೋಗಿ ಬರುತ್ತಿದ್ದೆ.

ಆಳಿನ ಹೆಸರು ಸಿದ್ದಪ್ಪ. ಪಕ್ಕದ ಊರಿನವ, ನಲವತ್ತು ದಾಟಿದವ. ಅಳತೆಯ ಕ್ರಮವನ್ನು ಅರ್ಧ ಗಂಟೆಯಲ್ಲಿ ಕಲಿತುಬಿಟ್ಟಿದ್ದ. ಸೇತುವೆಯ ಪಡುವಣ ಗೋಡೆಯ ತುದಿಯಲ್ಲಿ ಒಂದು ಮೊಳೆ ಹೊಡೆದಿದ್ದೆವು. ಸಿದ್ದಪ್ಪ ಟೇಪಿನ ಸೊನ್ನೆಯ ತುದಿಯಲ್ಲಿರುವ ಲೋಹದ ಬಳೆಯನ್ನು ಆ ಮೊಳೆಗೆ ಒತ್ತಿ ಹಿಡಿಯಬೇಕು. ನಾನು ಸುರುಳಿ ಹಿಡಿದು ಹಳ್ಳಕ್ಕೆ ಇಳಿದು, ಬೇಕಾದ ಜಾಗದಲ್ಲಿ ನಿಂತು ಅಳತೆ ಓದಬೇಕು. ನಡುವೆ ಜಾಲಿ ದಟ್ಟವಾಗಿ ಬೆಳೆದು ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಪಕ್ಕದ ತಾತ್ಕಾಲಿಕ ದಾರಿಯಲ್ಲಿ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಾಕಿಕೊಂಡು ಹೋಗುತ್ತಿದ್ದುದರಿಂದ ಕೂಗಿದರೂ ಕೇಳುತ್ತಿರಲಿಲ್ಲ. ಹಾಗಾಗಿ ಮೊದಲ ದಿನವೇ ಒಂದು ಸಂಜ್ಞೆ ಮಾಡಿಕೊಂಡೆವು. ನಾನು ಎರಡು ಸಲ ಜಗ್ಗಿದರೆ ‘ಹಿಡಿದಿದ್ದೀರಾ’ ಎಂದು ಅರ್ಥ. ಆತ ಒಂದು ಸಲ ಜಗ್ಗಿದರೆ ‘ಹಿಡಿದಿದ್ದೇನೆ’. ನಾನು ಮೂರು ಸಲ ಜಗ್ಗಿದರೆ ತುದಿ ಬಿಡಬೇಕು.

ಎರಡನೆಯ ದಿನ ಲಗಮವ್ವ ಬಂದಳು. ಎಪ್ಪತ್ತರ ಆಸುಪಾಸಿನ ಮುದುಕಿ. ಕುರಿ ಸಾಕುವ ಮನೆತನದವಳು. ನನ್ನ ಗುಂಡಿಯ ಅಂಚಿನಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು.

“ನೆಲಾ ಅಗದು ನೋಡಾಕಿ ನೀನ ಏನವಾ?”

ಹೌದು ಎಂದೆ.

“ನನ್ನ ಮಗಳ ಇಲ್ಲಿ ಅದಾಳ. ಹುಡುಕಿ ಕೊಡವಾ.”

ನಲವತ್ತು ವರ್ಷಕ್ಕೂ ಹಿಂದೆ, ಕುರಿ ಹೊಡೆದುಕೊಂಡು ಹೊಳೆಯ ದಂಡೆಗೆ ಹೋಗುವಾಗ, ಆಕೆಯ ಏಳು ವರ್ಷದ ಮಗಳು ಮಾಯವ್ವ ಜ್ವರ ಬಂದು ಈ ಸೇತುವೆಯ ಹತ್ತಿರ ತೀರಿಕೊಂಡಿದ್ದಳು. ಕುರಿ ನಿಲ್ಲುವ ಹಾಗಿರಲಿಲ್ಲ. ಅಲ್ಲೇ ಮಣ್ಣು ಮಾಡಿ, ಒಂದು ಕಲ್ಲು ನಿಲ್ಲಿಸಿ ಮುಂದೆ ಹೋಗಿದ್ದರು. ಪ್ರತಿ ವರ್ಷ ಅದೇ ದಾರಿಯಲ್ಲಿ ಬಂದಾಗ ಕಲ್ಲಿಗೆ ಎಡೆ ಇಡುತ್ತಿದ್ದರು. ಆಮೇಲೆ ಯಾವಾಗಲೋ ರಸ್ತೆಯ ಏರಿಯನ್ನು ಎತ್ತರಿಸಿ ಮಣ್ಣು ಸುರಿದರು. ಆ ವರ್ಷ ಬಂದು ನೋಡಿದರೆ ಕಲ್ಲೇ ಇಲ್ಲ. ಗುರುತಿಗೆ ಇದ್ದ ಗಿಡಗಳೂ ಇಲ್ಲ. ಈಗ ಏರಿಯನ್ನೇ ಬಗೆದು ತೆಗೆಯುತ್ತಾರೆಂಬ ಸುದ್ದಿ ಕೇಳಿ ಬಂದಿದ್ದಳು.

“ನಮ್ಮವರೆಲ್ಲ ಬೀರಪ್ಪನ ಗುಡಿ ಹಿಂದ ಅದಾರ. ಅಕಿ ಒಬ್ಬಾಕೀನ ದಾರ್‍ಯಾಗ ಅದಾಳ. ಒಂದ ಹಿಡಿ ಮಣ್ಣ ಒಯ್ದು ಅವರ ಹತ್ರ ಹಾಕ್ತೀನಿ. ಮತ್ತೇನೂ ಬ್ಯಾಡ.”

ಇದು ನನ್ನ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ. ನಲವತ್ತು ವರ್ಷದ ಗೋರಿ ಪುರಾತತ್ತ್ವವಲ್ಲ. ಆದರೂ ಉಳಿದಿದ್ದ ಮೂರು ಗುಂಡಿಗಳಲ್ಲಿ ಎರಡನ್ನು ಆಕೆ ತೋರಿಸಿದ ಕಡೆ ತೆಗೆಯುವುದೆಂದು ನಾನೇ ನಿರ್ಧರಿಸಿದೆ. ಯಾರಿಗೂ ಹೇಳಲಿಲ್ಲ. ವರದಿಯಲ್ಲಿ ಹೇಗೆ ಬರೆಯುವುದೆಂದು ಆಮೇಲೆ ನೋಡಿಕೊಂಡರಾಯಿತು ಅಂದುಕೊಂಡೆ.

ಮೊದಲನೆಯದರಲ್ಲಿ ಏನೂ ಸಿಗಲಿಲ್ಲ. ಎರಡನೆಯದನ್ನು ಶುರು ಮಾಡುವಾಗ ಸಿದ್ದಪ್ಪ ಸಲಿಕೆ ಊರಿ ನಿಂತು ಹೇಳಿದ, “ಆಯೀ, ನಿನ್ನಿ ಬೇವಿನ ಗಿಡದ ಬಾಜೂಕ ಅಂದಿ. ಇವತ್ತ ಈ ಕಡೆ ಅಂತಿ. ನಾಳಿ ಹಳ್ಳದ ನಡುವ ತಗಿ ಅಂತೀಯೇನ?”

“ಲೇ ಸಿದ್ಯಾ, ಕುಡದ ಬಂದಾಗ ನಿನ್ನ ಮನಿ ಬಾಗಲಾ ನಿನಗ ಸಿಗತೈತೇನ? ನಾ ನಲವತ್ತ ವರ್ಷದ ಮಾತ ನೆಪ್ಪ ಇಟ್ಕೊಂಡೇನಿ. ಸುಮ್ಮ ಅಗಿ.”

“ಅಗೀತೀನಿ ಬಿಡ. ನಾ ಏನ ಬ್ಯಾಡ ಅಂದೆ?” ಎಂದು ಆತ ನಗುತ್ತಲೇ ಅಗೆದ. ಎದೆಯ ಮಟ್ಟ ಇಳಿದ ಮೇಲೆ ನಗುವುದನ್ನು ನಿಲ್ಲಿಸಿದ. ಅಲ್ಲಿಯೂ ಬರೀ ಏರಿಗೆ ಸುರಿದ ಗರಸು ಮಣ್ಣು, ಅದರ ಕೆಳಗೆ ಯಾರೂ ಮುಟ್ಟದ ಕರಿಮಣ್ಣು. ಯಾರಾದರೂ ಹಿಂದೆ ಅಗೆದಿದ್ದರೆ ಮಣ್ಣಿನ ಬಣ್ಣದಲ್ಲಿ ತಿಳಿಯುತ್ತದೆ. ಆ ನೆಲ ಯಾವತ್ತೂ ಅಗೆದದ್ದಲ್ಲ. ನಾನು ಅದನ್ನು ಲಗಮವ್ವನಿಗೆ ಹೇಳಿದೆ. ಆಕೆ ಗುಂಡಿಯೊಳಗೆ ಇಳಿದು, ಗೋಡೆಯನ್ನು ಕೈಯಿಂದ ಸವರಿ ನೋಡಿ, ಮೇಲೆ ಬರಲಾರದೆ ಅಲ್ಲೇ ಕುಳಿತುಬಿಟ್ಟಳು. ನಾವಿಬ್ಬರೂ ಕೈಹಿಡಿದು ಎತ್ತಬೇಕಾಯಿತು.

ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರು ಕೆಟ್ಟವರಲ್ಲ. ಲಗಮವ್ವನ ವಿಷಯ ಕೇಳಿ, “ಮೇಡಂ, ಒಂದ ಹಿಡಿ ಮಣ್ಣ ತಾನ? ಎಲ್ಲಿದಾದ್ರೂ ಒಂದು ಪಿಶವಿಯೊಳಗ ಹಾಕಿ ಕೊಟ್ಟಬಿಡ್ರಿ. ಪಾಪ, ಸಮಾಧಾನ ಆಗತೈತಿ” ಎಂದರು. ಅದು ಲಗಮವ್ವನಿಗೆ ಕೇಳಿಸಿತು. “ಯಾರದೋ ಮಣ್ಣ ಒಯ್ದು ಇಕಿ ನನ್ನ ಮಗಳು ಅಂತ ಅವರ ಮುಂದ ಹೆಂಗ ಹೇಳ್ಲಿ ಸಾಹೇಬ್ರ?” ಎಂದಳು. ಅವರು, ಸೋಮವಾರ ಏರಿ ಬಗೆಯುವ ಮಷಿನ್ ಬರುತ್ತದೆ, ಅದನ್ನು ಮುಂದೂಡುವುದು ತಮ್ಮ ಕೈಯಲ್ಲಿಲ್ಲ ಎಂದಷ್ಟೇ ನನಗೆ ತಿಳಿಸಿ ಹೋದರು.

ಆರನೆಯ ದಿನ ಶನಿವಾರ. ಅಗೆಯುವ ಅವಧಿ ಮುಗಿದಿತ್ತು. ಉಳಿದಿದ್ದು ಒಂದೇ ಕೆಲಸ. ಕಮಾನಿನ ಕಂಬಗಳ ಹನ್ನೊಂದು ಮೂಲೆಗಳನ್ನು ಆ ವಾರ ಬೇರೆ ಕಡೆಯಿಂದ ಅಳೆದು ನಕ್ಷೆಯಲ್ಲಿ ಗುರುತು ಮಾಡಿದ್ದೆ. ಅವು ಸರಿ ಇವೆಯೇ ಎಂದು ಮೊಳೆಯಿಂದ ಇನ್ನೊಮ್ಮೆ ಅಳೆದು ತಾಳೆ ನೋಡಬೇಕಿತ್ತು. ಮಧ್ಯಾಹ್ನ ಎರಡು ಗಂಟೆಗೆ ಸಿದ್ದಪ್ಪನನ್ನು ಮೊಳೆಯ ಹತ್ತಿರ ನಿಲ್ಲಿಸಿ, ನಾನು ಜಾಲಿಯ ಕೆಳಗಿನಿಂದ ಟೇಪು ಎಳೆದುಕೊಂಡು ಹಳ್ಳಕ್ಕೆ ಇಳಿದೆ. ಲಗಮವ್ವ ನಡುವಣ ಕಮಾನಿನ ನೆರಳಿನಲ್ಲಿ ನನ್ನ ಕಣ್ಣೆದುರಿಗೇ ಕುಳಿತಿದ್ದಳು.

ಮೊದಲ ಮೂಲೆಗೆ ನಿಂತು ಎರಡು ಸಲ ಜಗ್ಗಿದೆ. ಸ್ವಲ್ಪ ತಡವಾಗಿ ಆ ಕಡೆಯಿಂದ ಒಂದು ಸಲ ಜಗ್ಗಿತು. ಟೇಪು ಬಿಗಿಯಾಯಿತು. ಓದಿ ಬರೆದುಕೊಂಡೆ. ಎರಡನೆಯ ಮೂಲೆ, ಮೂರನೆಯ ಮೂಲೆ. ಪ್ರತಿ ಸಲ ನಾನು ಎರಡು ಜಗ್ಗಿದರೆ ಆ ಕಡೆಯಿಂದ ಒಂದು. ಆ ವಾರವೆಲ್ಲ ಟೇಪು ನಡುವೆ ಜೋಲು ಬೀಳುತ್ತಿತ್ತು, ಸಿದ್ದಪ್ಪನಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತಿತ್ತು. ಅಂದು ಒಂದು ಸಲವೂ ಜೋಲಲಿಲ್ಲ. ಕೊನೆಯ ದಿನ ಚೆನ್ನಾಗಿ ಕೆಲಸ ಮಾಡುತ್ತಿದ್ದಾನೆ ಎಂದುಕೊಂಡದ್ದು ನೆನಪಿದೆ. ಹನ್ನೊಂದನೆಯದು ಮುಗಿದ ಮೇಲೆ ಮೂರು ಸಲ ಜಗ್ಗಿದೆ. ತುದಿ ಬಿಟ್ಟಿತು. ಟೇಪನ್ನು ಸುತ್ತಿಕೊಂಡು ಮೇಲೆ ಹತ್ತಿ ಬಂದೆ.

ಮೊಳೆಯ ಹತ್ತಿರ ಯಾರೂ ಇರಲಿಲ್ಲ.

ತಾತ್ಕಾಲಿಕ ದಾರಿಯಲ್ಲಿ ಒಂದು ಕಬ್ಬಿನ ಟ್ರಾಲಿಯ ಗಾಲಿ ಹೂತುಕೊಂಡಿತ್ತು. ಏಳೆಂಟು ಜನ ಅದನ್ನು ನೂಕುತ್ತಿದ್ದರು. ಅವರಲ್ಲಿ ಸಿದ್ದಪ್ಪನೂ ಇದ್ದ. ನನ್ನನ್ನು ಕಂಡು ಕೈ ಒರೆಸಿಕೊಳ್ಳುತ್ತ ಬಂದ. “ತಪ್ಪಾತ್ರಿ ಅಕ್ಕಾರ. ನೀವು ಕೆಳಗ ಇಳದ ಕೂಡಲೇನ ಕರದ್ರು. ಟೇಪಿನ ಬಳೀನ ಮೊಳಿಗೆ ಸಿಗಿಸಿ ಬಂದೆ. ನಿಮಗ ಒದರಿದ್ನಿ, ಕೇಳಿಲ್ಲ ಅನಸ್ತೈತಿ.”

“ನಡುವೆ ಬಂದು ಹಿಡೀಲಿಲ್ಲೇನ್ರಿ?”

“ಎಲ್ಲೀದ್ರಿ? ಎರಡ ತಾಸ ಆತು, ಇಲ್ಲೇ ಅದೀನಿ. ಇವರನ್ನ ಕೇಳ್ರಿ ಬೇಕಾರ.”

ನಾನು ಯಾರನ್ನೂ ಕೇಳಲಿಲ್ಲ. ತುದಿಯ ಬಳೆ ಮೊಳೆಯಿಂದ ಜಾರಿ ಜಾಲಿಯ ಕೊಂಬೆಗೆ ಸಿಕ್ಕಿಕೊಂಡಿರಬೇಕು, ಕೊಂಬೆಯೇ ಹಿಂದಕ್ಕೆ ಜಗ್ಗಿರಬೇಕು ಎಂದುಕೊಂಡೆ. ಇಡೀ ಮಧ್ಯಾಹ್ನದ ಅಳತೆ ಹಾಳಾಯಿತಲ್ಲ ಎಂದು ಬೇಸರವಾಯಿತು. ಹೊರಡುವಾಗ ಲಗಮವ್ವ ನನ್ನ ಮುಖ ನೋಡಿದಳು. ನಾನು ಸ್ಕೂಟಿ ಹತ್ತಿದೆ.

ಅಂದು ಸಂಜೆ ಮನೆಯಲ್ಲಿ ನಕ್ಷೆ ಹಾಸಿ ಕುಳಿತೆ. ಪಕ್ಕದ ಮನೆಯ ಮಗ್ಗಗಳು ನಡೆಯುತ್ತಿದ್ದವು. ತಪ್ಪು ಎಷ್ಟಿದೆ ನೋಡೋಣವೆಂದು ಒಂದೊಂದು ಮೂಲೆಯಲ್ಲೂ ಕೈವಾರ ಊರಿ, ಓದಿಕೊಂಡ ಅಳತೆಯಷ್ಟು ದೂರಕ್ಕೆ ಒಂದೊಂದು ಬಾಗಿದ ಗೆರೆ ಎಳೆದೆ. ಅಳತೆ ಸರಿಯಿದ್ದರೆ ಹನ್ನೊಂದೂ ಗೆರೆಗಳು ಮೊಳೆಯ ಮೇಲೆ ಕೂಡಬೇಕು. ತಪ್ಪಿದ್ದರೆ ಚೆಲ್ಲಾಪಿಲ್ಲಿಯಾಗಬೇಕು. ಅವು ಚೆಲ್ಲಾಪಿಲ್ಲಿಯಾಗಲಿಲ್ಲ. ಹನ್ನೊಂದೂ ಒಂದೇ ಚುಕ್ಕೆಯಲ್ಲಿ ಕೂಡಿದವು, ಪೆನ್ಸಿಲ್ ಮೊನೆಯಷ್ಟೂ ಆಚೀಚೆ ಇಲ್ಲದೆ. ಆದರೆ ಆ ಚುಕ್ಕೆ ಮೊಳೆಯಲ್ಲ. ಮೊಳೆಯಿಂದ ಆರೂವರೆ ಮೀಟರ್ ದಕ್ಷಿಣಕ್ಕೆ, ಏರಿಯ ಬುಡದಲ್ಲಿ. ಲಗಮವ್ವ ನಮಗೆ ಒಮ್ಮೆಯೂ ತೋರಿಸದ ಕಡೆ.

ಆಗಲೇ ನಾನು ಸಿದ್ದಪ್ಪನಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಇಂಜಿನಿಯರಿಗೆ ಏನೆಂದು ಹೇಳಲಿ? ಯಾರೋ ಹಿಡಿದಿದ್ದರು, ಇಲ್ಲಿ ಅಗೆಯಿರಿ ಎಂದೇ? ಬಳೆ ಕೊಂಬೆಗೆ ಸಿಕ್ಕಿದ್ದರೂ ಗೆರೆಗಳು ಒಂದೇ ಕಡೆ ಕೂಡಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಭಾನುವಾರ ಬೆಳಿಗ್ಗೆ ಹೊಸ ಹಾಳೆ ತೆಗೆದುಕೊಂಡು ಮೊದಲಿನಿಂದ ಹಾಕಿದೆ. ಮತ್ತೆ ಅದೇ ಚುಕ್ಕೆ. ಮೂರನೆಯ ಸಲ ಹಾಕಿದೆ. ಸೋಮವಾರ ನಸುಕಿನಲ್ಲೇ ಹೋಗಿ, ಮಷಿನ್ ಬರುವ ಮೊದಲು, ಯಾರಿಗೂ ಕಾರಣ ಹೇಳದೆ ಸಿದ್ದಪ್ಪನಿಂದ ಅಗೆಸಿ ನೋಡುವುದೆಂದು ಕೊನೆಗೆ ತೀರ್ಮಾನಿಸಿದೆ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಸಿದ್ದಪ್ಪನೇ ಫೋನ್ ಮಾಡಿದ. “ಅಕ್ಕಾರ, ಮಷಿನ್ ಇವತ್ತ ಬಂದೈತ್ರಿ. ಬ್ಯಾರೆ ಕಡೆ ಕೆಲಸ ಲಗೂನ ಮುಗೀತಂತ. ನಿಮ್ಮ ಮೊಳಿ ಕಿತ್ತಿಟ್ಟೇನಿ, ಬೇಕೇನ್ರಿ?”

“ಅಲ್ಲಿಂದ ದಕ್ಷಿಣಕ್ಕ ಆರೂವರೆ ಮೀಟರ್, ಏರಿ ಬುಡ. ಅಲ್ಲಿ ಮುಟ್ಟಬ್ಯಾಡ ಅನ್ರಿ. ಈಗ ಬರ್ತೀನಿ” ಎಂದೆ.

“ಅದ ಹೋಗೇತ್ರಿ ಅಕ್ಕಾರ. ಆ ಬಾಜೂನ ಮೊದಲ ತಗದ್ರು.”

ಆದರೂ ಹೋದೆ. ಜಮಖಂಡಿ ದಾಟುವಾಗ ಎದುರು ಬಂದ ಬಸ್ಸು ಹಾರ್ನ್ ಹೊಡೆದದ್ದು ಬಿಟ್ಟರೆ ದಾರಿಯ ನೆನಪೇ ಇಲ್ಲ. ಹೋಗಿ ನಿಂತಾಗ, ನನ್ನ ಚುಕ್ಕೆ ಇದ್ದ ಕಡೆ ಆಳೆತ್ತರಕ್ಕಿಂತ ಆಳವಾದ ಹೊಂಡ. ನಕ್ಷೆ ಹಿಡಿದು ಅಳೆದರೆ ಆ ಜಾಗವನ್ನು ಈಗಲೂ ತೋರಿಸಬಹುದಿತ್ತು. ಆದರೆ ಅದು ಗಾಳಿಯಲ್ಲಿತ್ತು. ಮಣ್ಣನ್ನು ಟಿಪ್ಪರುಗಳಲ್ಲಿ ಮೂರು ನಾಲ್ಕು ಕಡೆ ಒಯ್ದು ಸುರಿದಿದ್ದರು. ಯಾವ ಮಣ್ಣು ಯಾವ ಕಡೆ ಹೋಯಿತೆಂದು ಓಡಿಸಿದವರಿಗೂ ಗೊತ್ತಿರಲಿಲ್ಲ. ಕಲ್ಲೇನಾದರೂ ಬಂತೇ ಎಂದು ಕೇಳಿದೆ. ಕಲ್ಲುಗಳು ಬೇಕಾದಷ್ಟು ಬಂದಿದ್ದವು.

ಲಗಮವ್ವ ಹೊಂಡದ ಅಂಚಿನಲ್ಲಿ ಕುಳಿತಿದ್ದಳು. ಮಷಿನ್ ಮುಂದೆ ಹೋಗಿ ನಿಂತಿದ್ದಳಂತೆ. ಇಬ್ಬರು ಹಿಡಿದು ಈಚೆಗೆ ತಂದು ಕೂರಿಸಿದ್ದರು. ನಾನು ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಟೇಪು, ಜಗ್ಗಿದ್ದು, ಗೆರೆಗಳು, ಚುಕ್ಕೆ. ಹೇಳದಿದ್ದರೆ ಆಕೆಗೆ ಗೊತ್ತಾಗುತ್ತಲೇ ಇರಲಿಲ್ಲ. ಆದರೂ ಬಚ್ಚಿಡಲು ನನ್ನಿಂದ ಆಗಲಿಲ್ಲ.

“ಯಾವಾಗ ಗೊತ್ತಾತವಾ ನಿನಗ?”

“ನಿನ್ನೆ ಸಂಜೀಕ, ಆಯಿ.”

ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ಇಂದಿಗೆ ನನ್ನ ಮನಸ್ಸು ಇಷ್ಟು ಭಾರವಾಗಿರುತ್ತಿರಲಿಲ್ಲ. ಕೊನೆಗೆ ಆಕೆ ಕೇಳಿದ್ದು ಬೇರೆಯೇ.

“ಅಕಿ ಜಗ್ಗಿದ್ದು ಬಿಗಿ ಇತ್ತೇನ?”

ನನಗೆ ಅರ್ಥವಾಗಲಿಲ್ಲ. ಬಿಗಿ ಇತ್ತು ಎಂದೆ.

“ಖರೆ ಹೇಳ. ನನ್ನ ಸಮಾಧಾನಕ್ಕ ಹೇಳಬ್ಯಾಡ.”

“ಖರೇನ ಬಿಗಿ ಇತ್ತು ಆಯಿ. ಒಂದ ಸಲಾನೂ ಸಡ್ಲ ಆಗ್ಲಿಲ್ಲ.”

“ಕಡೀ ದಿನ ಅಕಿ ಕೈಯಾಗ ನೀರಿನ ವಾಟಗಾ ಸೈತ ನಿಲ್ಲತಿರ್ಲಿಲ್ಲ” ಎಂದಳು ಲಗಮವ್ವ. “ಈಗ ಆರಾಮ ಆಗ್ಯಾಳ ಹಂಗಾರ.” ಮಣ್ಣು ಕಟ್ಟಿಕೊಳ್ಳಲು ತಂದಿದ್ದ ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಗಿಸಿಕೊಂಡಳು. ಯಾವ ಮಣ್ಣನ್ನೂ ಮುಟ್ಟದೆ ಎದ್ದು ಹೋದಳು.

ವರದಿಯಲ್ಲಿ ಆ ಹನ್ನೊಂದು ಅಳತೆಗಳನ್ನು ‘ದೋಷಪೂರ್ಣ, ಕೈಬಿಡಲಾಗಿದೆ’ ಎಂದು ಬರೆದೆ. ಬೇರೆ ದಾರಿ ಇರಲಿಲ್ಲ. ಅಲ್ಲಿ ಗೋರಿ ಇತ್ತೆಂದು ನಾನು ಹೇಳಲಾರೆ, ಏಕೆಂದರೆ ನಾನು ಅದನ್ನು ನೋಡಲಿಲ್ಲ. ನೋಡುವ ಅವಕಾಶವನ್ನು ನಾನೇ ಒಂದು ದಿನ ಕೂತು ಕಳೆದುಕೊಂಡೆ. ಬಳೆ ಕೊಂಬೆಗೆ ಸಿಕ್ಕಿತ್ತೆಂದು ಇಂದಿಗೂ ವಾದಿಸಬಲ್ಲೆ. ಹನ್ನೊಂದು ಸಲ ಕೇಳಿದಾಗ ಹನ್ನೊಂದು ಸಲವೂ ಒಂದೊಂದೇ ಬಾರಿ ಜಗ್ಗಿ, ಬಿಡು ಎಂದಾಗ ಬಿಡುವ ಕೊಂಬೆಯನ್ನು ಮಾತ್ರ ನಾನು ಎಲ್ಲಿಯೂ ಕಂಡಿಲ್ಲ. ಈಗ ಕೆಲಸದಲ್ಲಿ ಟೇಪಿನ ಆ ತುದಿ ಯಾರ ಕೈಯಲ್ಲಿದೆ ಎಂದು ನೋಡದೆ ನಾನು ಅಳತೆ ಓದುವುದಿಲ್ಲ. ನೋಡಿದ ಮೇಲೂ, ಎರಡು ಸಲ ಜಗ್ಗಿ ಉತ್ತರಕ್ಕೆ ಕಾಯುವಾಗ, ಒಂದು ಕ್ಷಣ ಉಸಿರು ಹಿಡಿದು ನಿಲ್ಲುತ್ತೇನೆ.