ನನ್ನ ಕಾರಿನ ಮೇಲೆ ನಾನೇ ಬರೆದ ವರದಿ

1983ರಲ್ಲಿ ನಾನು ಬಾಗಲಕೋಟೆಯಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ಬಾದಾಮಿ, ಹುನಗುಂದ, ಇಲಕಲ್ಲುಗಳಲ್ಲಿ ತಿಂಗಳಿಗೊಮ್ಮೆ ಕ್ಯಾಂಪ್ ಇರುತ್ತಿತ್ತು. ಪ್ರವಾಸಿ ಮಂದಿರದ ಅಂಗಳದಲ್ಲಿ ಮೇಜು ಹಾಕಿಕೊಂಡು ಕೂತು, ಬಾಡಿಗೆ ಗಾಡಿಗಳನ್ನು ಪರೀಕ್ಷಿಸಿ, ರಸ್ತೆಗೆ ಯೋಗ್ಯವಾದವಕ್ಕೆ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡುವುದು ನನ್ನ ಕೆಲಸ. ಬ್ರೇಕ್, ದೀಪ, ಟೈರು ನೋಡಬೇಕು. ಎಂಜಿನ್ ಮೇಲಿನ ನಂಬರು ಆರ್.ಸಿ. ಪುಸ್ತಕದ, ಅಂದರೆ ನೋಂದಣಿ ಪುಸ್ತಕದ, ನಂಬರಿಗೆ ತಾಳೆಯಾಗಬೇಕು. ಎಂಜಿನ್ ಬದಲಿಸಿದ್ದರೆ ಅದು ಪುಸ್ತಕದಲ್ಲಿ ದಾಖಲಾಗಿರಬೇಕು. ಈ ವಿಷಯದಲ್ಲಿ ನಾನು ಭಾರೀ ಕಟ್ಟುನಿಟ್ಟಿನವನೆಂದು ಸುತ್ತೆಲ್ಲ ಹೆಸರಾಗಿತ್ತು. ಆ ಹೆಸರು ನನಗೆ ಹಿತವಾಗಿಯೂ ಇತ್ತು.

ಇನ್ನು ನನ್ನ ಹುಚ್ಚಿನ ಮಾತು. 1979ರಲ್ಲಿ ಒಂದು ಹಳೆಯ ಪೆಟ್ರೋಲ್ ಕಾರು ಕೊಂಡಿದ್ದೆ. ಕೊಂಡವನು ಸುಮ್ಮನೆ ಓಡಿಸಬೇಕಷ್ಟೆ. ನನಗೆ ಅದು ಸಾಲಲಿಲ್ಲ. ಹೆಡ್‌ಲೈಟ್ ಬದಲಿಸಿದೆ, ಸ್ಟೇರಿಂಗ್ ಬದಲಿಸಿದೆ, ಇಲಕಲ್ಲಿನ ನೇಕಾರರಿಂದ ಕೆಂಪು ಅಂಚಿನ ದಪ್ಪ ಬಟ್ಟೆ ನೇಯಿಸಿ ಸೀಟಿಗೆ ಹೊಲಿಸಿದೆ. ಪೆಟ್ರೋಲ್ ದುಬಾರಿಯಾಯಿತೆಂದು ಡೀಸೆಲ್ ಎಂಜಿನ್ ಕೂರಿಸಿದೆ. ಅದರ ಭಾರಕ್ಕೆ ಮುಂದಿನ ಸ್ಪ್ರಿಂಗು ಕುಸಿಯಿತು. ಸ್ಪ್ರಿಂಗು ಬದಲಿಸಿದರೆ ಗೇರ್ ಬಾಕ್ಸ್ ತಕರಾರು ತೆಗೆಯಿತು. ಉಳಿತಾಯಕ್ಕೆಂದು ಹಾಕಿಸಿದ ಎಂಜಿನ್ ಅರ್ಧ ಪಗಾರ ತಿನ್ನತೊಡಗಿತು.

1981ರಲ್ಲಿ ನನಗೆ ಬಡ್ತಿಯಾಗಿ ಬಳ್ಳಾರಿಗೆ ಹೋಗಲು ಆದೇಶ ಬಂತು. ಆಗ ಗೇರ್ ಬಾಕ್ಸ್ ನಮ್ಮ ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ಬಿಚ್ಚಿ ಬಿದ್ದಿತ್ತು. ಅದನ್ನು ಜೋಡಿಸಬಲ್ಲವರು ಬಾಗಲಕೋಟೆಯ ದಸ್ತಗೀರ ಮೇಸ್ತ್ರಿ ಒಬ್ಬರೇ. ಅವರನ್ನು ಬಿಟ್ಟು ಹೋಗುವುದು ಹೇಗೆ? ಕೌಟುಂಬಿಕ ಕಾರಣಗಳಿಂದ ಬಡ್ತಿ ಬೇಡವೆಂದು ಬರೆದುಕೊಟ್ಟೆ.

“ಯಾವ ಕುಟುಂಬರಿ ಅದು?” ಎಂದು ಹೆಂಡತಿ ಶಾಂತಾ ಕೇಳಿದಳು. “ಪಡಸಾಲ್ಯಾಗ ಗ್ರೀಸ್ ಮೆತ್ತಿಕೊಂಡು ಮಲಗೇತಲ್ಲ, ಅದಾ?”

ಇಷ್ಟೆಲ್ಲ ಮಾಡಿದವನು ಎಂಜಿನ್ ಬದಲಾವಣೆಯನ್ನು ಪುಸ್ತಕದಲ್ಲಿ ಬರೆಸಿರಲಿಲ್ಲ. ಮೋಸದ ಉದ್ದೇಶ ಖಂಡಿತ ಇರಲಿಲ್ಲ. ಇನ್ನೊಂದು ಸಣ್ಣ ಕೆಲಸ ಬಾಕಿ ಇದೆ, ಎಲ್ಲ ಮುಗಿದ ಮೇಲೆ ಒಮ್ಮೆಲೇ ಬರೆಸಿದರಾಯಿತು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಈ ಹುಚ್ಚಿಗೆ ಬಿದ್ದವರ ಗಾಡಿ ಎಂದಾದರೂ ಮುಗಿದದ್ದುಂಟೆ?

1983ರಲ್ಲಿ ಬಡ್ತಿಯ ಪಟ್ಟಿಯಲ್ಲಿ ಮತ್ತೆ ನನ್ನ ಹೆಸರು ಬಂತು. ಈ ಸಲ ವಿಜಾಪುರ, ದೂರವೇನಲ್ಲ. ಶಾಂತಾ ಆಗಲೇ ಪಾತ್ರೆ ಕಟ್ಟತೊಡಗಿದ್ದಳು. ಅದೇ ವಾರ ಇಲಕಲ್ಲಿನ ಕ್ಯಾಂಪು.

ಹುನಗುಂದದ ಮಲ್ಲಪ್ಪ ಸೀರೆ ಗಂಟು ಸಾಗಿಸುವ ತನ್ನ ಟೆಂಪೊ ತಂದಿದ್ದ. ಬಾನೆಟ್ ಎತ್ತಿ ನೋಡಿದರೆ ನಂಬರು ತಾಳೆಯಾಗಲಿಲ್ಲ.

“ಎಂಜಿನ್ ಬದಲಿ ಮಾಡೀದಿ, ಪುಸ್ತಕದಾಗ ಯಾಕ ಬರಸಿಲ್ಲ?”

“ಬರಸೋದೈತ್ರಿ ಸಾಹೇಬ್ರ. ಹಿಂದಿನ ಬಾಡಿ ಕಟ್ಟಸೋದು ಬಾಕಿ ಐತಿ. ಎಲ್ಲಾ ಮುಗದ ಮ್ಯಾಲೆ ಒಮ್ಮಿಗೇ ಬರಸಬೇಕಂತ ಇದ್ದೆ.”

ನನ್ನದೇ ಮಾತು ಇನ್ನೊಬ್ಬನ ಬಾಯಲ್ಲಿ ಕೇಳಿದಾಗ ನಾಚಿಕೆಯಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು. ಸರ್ಟಿಫಿಕೇಟ್ ಕೊಡುವುದಿಲ್ಲ ಎಂದೆ. ಮುಂದಿನ ಕ್ಯಾಂಪಿನವರೆಗೆ ಒಂದು ತಿಂಗಳು ಅವನ ದುಡಿಮೆ ನಿಂತಂತೆಯೇ. ಅವನು ಗೋಗರೆಯಲಿಲ್ಲ. ಕಾಗದಗಳನ್ನು ಮಡಚಿಕೊಂಡು ನಿಧಾನವಾಗಿ ಹೇಳಿದ:

“ಆಗಲ್ರಿ, ತಪ್ಪು ನಂದೈತಿ. ಆದ್ರ ಆ ಬೇವಿನ ಗಿಡದ ಕೆಳಗ ನಿಂತೈತಲ್ರಿ, ಆ ಗಾಡೀನೂ ಒಮ್ಮೆ ನೋಡಿಬಿಡ್ರಿ. ಪೆಟ್ರೋಲ್ ಗಾಡಿ ಹಂಗ ಬಡಕೊಳ್ಳಂಗಿಲ್ರಿ.”

ಸುತ್ತ ನಿಂತಿದ್ದ ಚಾಲಕರಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಗದರಿಸಬಹುದಿತ್ತು. ನನ್ನ ಕಾರು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತ ಬರುವುದನ್ನು ಅವರೆಲ್ಲ ವರ್ಷಗಟ್ಟಲೆ ಕೇಳಿದ್ದರು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಬೇರೆಯವರ ಎಲೆಯ ನೊಣ ಹುಡುಕುವ ಸಾಹೇಬರೆಂದು ಎಷ್ಟು ಸಲ ಆಡಿಕೊಂಡಿದ್ದರೋ. ಖಾಸಗಿ ಕಾರಿಗೂ ಈ ಕ್ಯಾಂಪಿಗೂ ಸಂಬಂಧವಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ತಪ್ಪು ಎರಡೂ ಒಂದೇ. ಬಡ್ತಿ ನೆನಪಾಯಿತು, ಶಾಂತಾ ಕಟ್ಟಿಟ್ಟ ಪಾತ್ರೆಗಳು ನೆನಪಾದವು. ಆದರೂ ಎದ್ದು ಹೋಗಿ ಬಾನೆಟ್ ಎತ್ತಿದೆ. ತಪಾಸಣಾ ವರದಿಯ ಹಾಳೆಯಲ್ಲಿ ಮಾಲೀಕರ ಹೆಸರು ಎಂಬಲ್ಲಿ ನನ್ನ ಹೆಸರು ಬರೆದೆ. ಎಂಜಿನ್ ನಂಬರು ತಾಳೆಯಾಗಿಲ್ಲ. ಇಂಧನ, ಪುಸ್ತಕದಲ್ಲಿ ಪೆಟ್ರೋಲ್, ಗಾಡಿಯಲ್ಲಿ ಡೀಸೆಲ್. ಮಾಲೀಕನ ಸಹಿಯೂ ನನ್ನದೇ, ನಿರೀಕ್ಷಕನ ಸಹಿಯೂ ನನ್ನದೇ.

ವಿಜಾಪುರದಲ್ಲಿ ಮೇಲಧಿಕಾರಿಗಳು ಅದನ್ನು ಎರಡು ಸಲ ಓದಿದರು.

“ಇದನ್ನ ಬರೀದಿದ್ರ ನಿಮ್ಮನ್ನ ಯಾರು ಕೇಳ್ತಿದ್ರಿ?”

“ಮಲ್ಲಪ್ಪ ಕೇಳಿದ್ನಲ್ರಿ ಸರ್.”

ಅವರು ಹಣೆ ಹಿಡಿದುಕೊಂಡರು. ದಂಡ ಬಿತ್ತು, ಎಚ್ಚರಿಕೆ ಪತ್ರ ಬಂತು, ಬಡ್ತಿ ಪಟ್ಟಿಯಲ್ಲಿ ನನ್ನ ಹಿಂದಿದ್ದವರಿಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಶಾಂತಾ ಕಟ್ಟಿದ ಪಾತ್ರೆಗಳನ್ನು ಬಿಚ್ಚಿ ಒಂದೊಂದನ್ನೇ ಕುಕ್ಕಿ ಕುಕ್ಕಿ ಇಟ್ಟಳು. ಬೈದಿದ್ದರೆ ವಾಸಿಯಿತ್ತು.

ದಾಖಲೆ ಸರಿಪಡಿಸಿ ಕಾರು ಮಾರಿಬಿಟ್ಟೆ. ಮುಂದಿನ ತಿಂಗಳು ಇಲಕಲ್ಲಿಗೆ ಬಸ್ಸಿನಲ್ಲಿ ಹೋದೆ. ಸಾಲಿನಲ್ಲಿ ಮೊದಲು ನಿಂತವನು ಮಲ್ಲಪ್ಪನೇ.

“ಬಾಡಿ ಇನ್ನಾ ಆಗಿಲ್ರಿ. ಪುಸ್ತಕದಾಗ ಮೊದಲ ಬರಸಿಬಿಟ್ಟೆ.”

ನಂಬರು ತಾಳೆಯಾಯಿತು, ಸಹಿ ಮಾಡಿದೆ. ಅವನು ಬೇವಿನ ಗಿಡದ ಕಡೆ ನೋಡಿದ.

“ನಿಮ್ಮ ಗಾಡಿ ಎಲ್ಲೈತ್ರಿ?”

“ಮಾರಿದೆ.”

ಕಾಗದಗಳನ್ನು ಮಡಚಿಕೊಳ್ಳುತ್ತ, “ಛಲೋ ಎಂಜಿನ್ ಇತ್ರಿ ಅದು” ಎಂದ. ಬಡ್ತಿ ಹೋದಾಗಲೂ ನನಗೆ ಅಷ್ಟು ಹೊಟ್ಟೆ ಉರಿದಿರಲಿಲ್ಲ.

ಅಲ್ಲಿಂದ ನಿವೃತ್ತಿಯವರೆಗೆ, ಎಲ್ಲ ಮುಗಿದ ಮೇಲೆ ಬರೆಸುತ್ತೇನೆ ಎಂದವರನ್ನು ನಾನು ಬೈಯಲಿಲ್ಲ. ಅರ್ಜಿಯ ಹಾಳೆ, ಪೆನ್ನು ಕೊಟ್ಟು ಅಲ್ಲೇ ಕೂರಿಸಿ ಬರೆಸಿದೆ. ಗಾಡಿಯ ಕೆಲಸ ಎಂದೂ ಮುಗಿಯುವುದಿಲ್ಲ ಎಂಬುದು ಇಲಾಖೆಯಲ್ಲಿ ನನ್ನಷ್ಟು ಬೇರಾರಿಗೆ ಗೊತ್ತಿತ್ತು?