ಬಾನೆಟ್ಟಿನ ಜ್ವರ

ಮನುಷ್ಯನ ನಿಜಗುಣ ಕಷ್ಟಕಾಲದಲ್ಲಿ, ಹಳೆಯ ಡೀಸೆಲ್ ಕಾರಿನದು ಎಂಜಿನ್ ತಣ್ಣಗಿದ್ದಾಗ ತಿಳಿಯುತ್ತದೆ ಎಂಬುದು ನನ್ನ ಸಿದ್ಧಾಂತ. ಮೂಡುಬಿದಿರೆಯಲ್ಲಿ ಮಾರಾಟಕ್ಕಿದ್ದ ಪುಟ್ಟ ಕಾರಿನ ಕೆಂಪು ಬಣ್ಣ ಕಂಡೊಡನೆ ಸಿದ್ಧಾಂತ ಮರೆತು, ಕೊಳ್ಳುವುದೆಂದು ನಿಶ್ಚಯಿಸಿ ಸೀಟಿನಲ್ಲಿ ಕುಳಿತೆ. ಹೆಂಡತಿ ಮಾತ್ರ ಮಗುವಿನ ಹಣೆ ಮುಟ್ಟುವಂತೆ ಬಾನೆಟ್ ಮುಟ್ಟಿದಳು.

“ಇದಕ್ಕೆ ಜ್ವರ ಉಂಟಲ್ಲ?”

“ನೀವು ಬರ್ತೀರಿ ಅಂತ ಸ್ವಲ್ಪ ಸ್ಟಾರ್ಟ್ ಮಾಡಿ ಇಟ್ಟದ್ದು ಅಕ್ಕ,” ಎಂದ ಮಾರುವವ.

“ಹಾಗಾದ್ರೆ ತಣಿಯಲಿ. ಅಷ್ಟರಲ್ಲಿ ಚಾ ಕುಡಿಯುವ.”

ಅವನ ಮನೆಯ ಚಾ ಕುಡಿದೆವು, ಹಲಸಿನ ಹಪ್ಪಳ ತಿಂದೆವು. “ಈಗ ನೋಡುವ ಮಾರಾಯ್ರೆ,” ಎಂದು ಅವನು ಅವಸರಿಸಿದಾಗಲೆಲ್ಲ ಅವಳು ಬಾನೆಟ್ ಮುಟ್ಟಿ ವೈದ್ಯರಂತೆ ತಲೆಯಾಡಿಸುತ್ತಿದ್ದಳು. ಕೊನೆಗೆ ಜ್ವರ ಬಿಟ್ಟಿತು. ನಾನು ಕೀ ತಿರುಗಿಸಿದೆ. ಕಾರು ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ಸ್ಟಾರ್ಟ್ ಆಗಲಿಲ್ಲ.

ನಾವು ಬಸ್ಸಿನಲ್ಲಿ ಬಂಟ್ವಾಳಕ್ಕೆ ಮರಳಿದೆವು.