ಕುದುರೆ ಹತ್ತಿದ ಸಂತ

ಮೊನ್ನೆ ವಾಷಿಂಗ್ಟನ್‌ನಲ್ಲಿ ಪೊಲೀಸ್ ಕುದುರೆಯೊಂದು ಪಕ್ಕದಲ್ಲೇ ಹಾದುಹೋಯಿತು. ಅದರ ಬೆವರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮೈಸೂರಿನಲ್ಲಿದ್ದೆ. ನಮ್ಮಪ್ಪ ಜಟಕಾ ಹೊಡೆಯುತ್ತಿದ್ದರು. "ಸೀಟು ಗಿರಾಕಿಗಮ್ಮ, ನೀನು ನಡಿ," ಎನ್ನುತ್ತಿದ್ದರು. ಜಟಕಾದ ಪಕ್ಕ ನಡೆದೇ ಶಾಲೆ ಮುಗಿಸಿದೆ, ನಮ್ಮ ಮನೆತನದ ಮೊದಲ ಪದವಿ ಪಡೆದೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ ನೋಡಿ.

ಅಮೆರಿಕದ ಡರ್ಹಮ್‌ಗೆ ಓದಲು ಬಂದಾಗಲೂ ನಡೆದೆ. ಕಾರಿಲ್ಲದವರು ಅಲ್ಲಿ ದಾರಿ ತಪ್ಪಿದವರಂತೆ ಕಾಣುತ್ತಾರೆ. ಹುಬ್ಬಳ್ಳಿಯ ಕ್ರೈಸ್ತ ಮನೆತನದ ಸುಗಂಧಾ ಆಂಟಿ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಕಂಡಾಗಲೆಲ್ಲ ಕಾರು ನಿಲ್ಲಿಸುತ್ತಿದ್ದರು.

"ಹತ್ತವಾ ತಂಗಿ."

"ಬೇಡ ಆಂಟಿ, ನಡೀತೀನಿ."

ಯಾರ ಹಂಗೂ ನನಗೆ ಬೇಕಿರಲಿಲ್ಲ.

ಒಂದು ಭಾನುವಾರ ಊಟಕ್ಕೆ ಕರೆದು, ರೊಟ್ಟಿ ಬಡಿಯುತ್ತಾ ಸಂತ ಚಾಡ್‌ನ ಕಥೆ ಹೇಳಿದರು. ಸಾವಿರ ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿದ್ದ ಬಿಷಪ್. ನಿನ್ನ ದೀಕ್ಷೆ ಕ್ರಮಬದ್ಧವಲ್ಲ ಎಂದಾಗ ಗೊಣಗದೆ ಪೀಠ ಬಿಟ್ಟವನು. ಮತ್ತೆ ಕರೆದು ಬೇರೆ ಸೀಮೆಗೆ ಬಿಷಪ್ ಮಾಡಿದರೆ, ಊರೂರಿಗೆ ನಡೆದೇ ಹೊರಟ. ಕುದುರೆ ಹತ್ತು ಎಂದು ಆರ್ಚ್‌ಬಿಷಪ್ ಹೇಳಿದರೂ ಒಲ್ಲೆ ಎಂದ. ಕೊನೆಗೆ ಆ ಹಿರಿಯನೇ ಅವನನ್ನು ಕೈಯಾರೆ ಎತ್ತಿ ಕೂರಿಸಿದ.

"ಆಮೇಲೆ?" ಎಂದೆ.

"ಆಮೇಲೇನವಾ, ಕುಂತ. ಇಳಿದು ಓಡಲಿಲ್ಲ. ಪೀಠ ಬಿಡೂದಕಿಂತ ಅದss ಕಠಿಣ ಇತ್ತೇನೋ," ಎಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಅರ್ಥವಾಯಿತು. ಮರುದಿನವೂ ನಡೆದೆ.

ಪಿಎಚ್‌ಡಿಯ ಮೌಖಿಕ ಪರೀಕ್ಷೆಯ ಬೆಳಿಗ್ಗೆ ರಸ್ತೆಯೆಲ್ಲ ಗಾಜಿನಂಥ ಮಂಜುಗಡ್ಡೆ. ಜಾರಿ ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಹೊತ್ತಿಗೆ ಮುಟ್ಟದಿದ್ದರೆ ಅಷ್ಟೂ ವರ್ಷದ ದುಡಿಮೆ ನೀರುಪಾಲು. ಕಾರು ನಿಂತಿತು. ಆಂಟಿ ಈ ಸಲ ಕರೆಯಲಿಲ್ಲ. ಇಳಿದು ಬಂದು, ಕಂಕುಳಿಗೆ ಕೈಹಾಕಿ ಎಬ್ಬಿಸಿ, ಒಳಗೆ ಕೂರಿಸಿ, ಮಗುವಿಗೆ ಹಾಕಿದಂತೆ ಬೆಲ್ಟ್ ಹಾಕಿದರು. ದಾರಿಯುದ್ದಕ್ಕೂ ಅಳುತ್ತಲೇ ಇದ್ದೆ. ಗಿರಾಕಿಯಲ್ಲದ ನನಗೆ ಸಿಕ್ಕ ಮೊದಲ ಸೀಟು ಅದು. ಪರೀಕ್ಷೆಯಲ್ಲಿ ಪಾಸಾದೆ.

ಮೊನ್ನೆ ಕುದುರೆ ಹಾದುಹೋದಾಗ ನನ್ನ ಪಕ್ಕದಲ್ಲಿದ್ದವರು ಅದೇ ಆಂಟಿ. ವಾಷಿಂಗ್ಟನ್ ಹತ್ತಿರದ ರಾಕ್‌ವಿಲ್‌ನ ನಮ್ಮ ಮನೆಗೆ ಬಂದಿದ್ದಾರೆ, ಮಂಡಿ ಸೋತಿದೆ.

"ಗಾಡಿ ಇಲ್ಲಿಗ್ಯಾಕ ತರ್ತಿ, ನಡೀತೀನಿ ಬಿಡವಾ," ಎಂದರು.

ನಾನು ಕಾರು ತಂದೆ. ಇಳಿದೆ. ಅವರ ಕಂಕುಳಿಗೆ ಕೈಹಾಕಿದೆ.

"ಏ, ನಾ ಏನ್ ಸಂತ ಅಲ್ಲ, ಮಣಕಾಲ ನೋಯ್ತಾವ ಅಷ್ಟ!"

"ಗೊತ್ತು ಆಂಟಿ. ಕೂತ್ಕೊಳ್ಳಿ."

ಕೂತರು. ಇಳಿದು ಓಡಲಿಲ್ಲ.